ಬಯಾಪ್ಸಿ ಬಾಟಲಿಗೂ ಬಂತು ಫಾಸ್ಟ್ಯಾಗ್‌ನಂಥ ಗುರುತು: ಏನಿದು ಆರ್‌ಎಫ್‌ಐಡಿ?

ಎಂಡೋಸ್ಕೋಪಿ ಮಾಡುವಾಗ ವೈದ್ಯರು ಹೊಟ್ಟೆಯ ಒಳಪದರದಿಂದ ತೆಗೆಯುವ ಅಂಗಾಂಶದ ಚೂರು ಅಕ್ಕಿ ಕಾಳಿಗಿಂತ ಚಿಕ್ಕದು. ಅದನ್ನು ಫಾರ್ಮಲಿನ್ ಇರುವ ಪುಟ್ಟ ಬಾಟಲಿಗೆ ಹಾಕಿ, ರೋಗಿಯ ಹೆಸರಿನ ಚೀಟಿ ಅಂಟಿಸಿ ಲ್ಯಾಬ್‌ಗೆ ಕಳುಹಿಸುತ್ತಾರೆ. ಅಲ್ಲಿಗೆ ತಲುಪುವಷ್ಟರಲ್ಲಿ ಬಾಟಲಿ ನಾಲ್ಕಾರು ಕೈ ದಾಟಿರುತ್ತದೆ. ನಡುವೆ ಎಲ್ಲೋ ಚೀಟಿ ಅದಲು ಬದಲಾದರೆ ಕ್ಯಾನ್ಸರ್ ಇರುವವರಿಗೆ 'ಏನೂ ಇಲ್ಲ' ಎಂಬ ವರದಿ ಬರಬಹುದು, ಇಲ್ಲದವರು ಆಪರೇಷನ್‌ಗೆ ಸಿದ್ಧರಾಗಬೇಕಾಗಬಹುದು. ರಕ್ತವಾದರೆ ಇನ್ನೊಮ್ಮೆ ತೆಗೆಯಬಹುದು. ಬಯಾಪ್ಸಿ ಚೂರು ಹಾಗಲ್ಲ.

ಇಂಥ ಗೊಂದಲ ತಪ್ಪಿಸಲು ಕೆಲವು ಆಸ್ಪತ್ರೆಗಳು ಬಳಸುತ್ತಿರುವುದೇ ಆರ್‌ಎಫ್‌ಐಡಿ, ಅಂದರೆ ರೇಡಿಯೋ ಅಲೆಗಳಿಂದ ಗುರುತು ಹಿಡಿಯುವ ತಂತ್ರ. ಹೆಸರು ಹೊಸದೆನಿಸಿದರೂ ವಸ್ತು ಎಲ್ಲರಿಗೂ ಪರಿಚಿತ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್, ಮೆಟ್ರೋ ಗೇಟಿಗೆ ತೋರಿಸುವ ಕಾರ್ಡ್ ಎರಡೂ ಇದೇ ಕುಟುಂಬದವು.

ಟ್ಯಾಗ್‌ನಲ್ಲಿರುವುದು ಒಂದು ಚಿಪ್ ಮತ್ತು ಒಂದು ಆಂಟೆನಾ, ಅಷ್ಟೇ. ಸಾಮಾನ್ಯ ಟ್ಯಾಗ್‌ಗಳಿಗೆ ಬ್ಯಾಟರಿ ಇರುವುದಿಲ್ಲ. ರೀಡರ್ ಯಂತ್ರ ಕಳುಹಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ಚಿಪ್ ತನ್ನ ಸಂಖ್ಯೆಯನ್ನು ಹೇಳುತ್ತದೆ. ರೋಗಿಯ ಹೆಸರು, ಪರೀಕ್ಷೆಯ ವಿವರಗಳು ಸಾಮಾನ್ಯವಾಗಿ ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿರುತ್ತವೆ. ಚಿಪ್ ಎಷ್ಟು ಚಿಕ್ಕದಾಗಬಹುದು? 2005ರಲ್ಲಿ ಜಪಾನಿನ ಐಚಿಯಲ್ಲಿ ನಡೆದ ವಿಶ್ವ ಮೇಳದ ಟಿಕೆಟ್‌ಗಳಲ್ಲಿ ಹಿಟಾಚಿ ಕಂಪನಿಯ 'ಮ್ಯೂ ಚಿಪ್' ಇತ್ತು. ಅದರ ಅಗಲ ಕೇವಲ 0.4 ಮಿಲಿಮೀಟರ್. ಆದರೂ ದೂರದಿಂದ ಓದಬೇಕೆಂದರೆ ಅದಕ್ಕಿಂತ ದೊಡ್ಡ ಆಂಟೆನಾ ಬೇಕೇ ಬೇಕು. ಬಾಟಲಿಗೆ ಅಂಟಿಸುವ ಟ್ಯಾಗ್‌ನ ಗಾತ್ರವನ್ನು ನಿರ್ಧರಿಸುವುದು ಚಿಪ್ ಅಲ್ಲ, ಆಂಟೆನಾ.

ಬಾರ್‌ಕೋಡ್ ಇದ್ದೇ ಇದೆಯಲ್ಲ ಎಂದು ಕೇಳಬಹುದು. ಬಾರ್‌ಕೋಡ್ ಕಣ್ಣಿಗೆ ಕಾಣಬೇಕು, ಒಂದೊಂದಾಗಿ ಓದಬೇಕು. ಶೈತ್ಯಾಗಾರದಿಂದ ತೆಗೆದ ಪ್ಲಾಸ್ಮಾ ಚೀಲದ ಮೇಲೆ ಹಿಮ ಕಟ್ಟಿದ್ದರೆ ಅದನ್ನು ಒರೆಸಬೇಕು. ಆರ್‌ಎಫ್‌ಐಡಿಗೆ ಈ ತಾಪತ್ರಯವಿಲ್ಲ. ಡಬ್ಬ ತೆರೆಯದೆಯೇ ಒಳಗಿನ ಹತ್ತಾರು ಚೀಲಗಳನ್ನು ಒಟ್ಟಿಗೆ ಎಣಿಸಬಹುದು.

ಫಲ ಎಷ್ಟು ಎಂಬುದಕ್ಕೆ ಅಮೆರಿಕದ ಮೇಯೋ ಕ್ಲಿನಿಕ್‌ನ ಲೆಕ್ಕ ನೋಡಬೇಕು. ಅಲ್ಲಿನ ಎಂಡೋಸ್ಕೋಪಿ ವಿಭಾಗದಲ್ಲಿ 2007ರ ಮೊದಲ ಮೂರು ತಿಂಗಳಲ್ಲಿ 8,231 ಬಾಟಲಿಗಳ ಪೈಕಿ 765ರಲ್ಲಿ ಗುರುತಿನ ತಪ್ಪುಗಳಿದ್ದವು. ಆರ್‌ಎಫ್‌ಐಡಿ ಬಂದ ನಂತರ, 2008ರಲ್ಲಿ, 8,539 ಬಾಟಲಿಗಳಿಗೆ ತಪ್ಪುಗಳು 47ಕ್ಕೆ ಇಳಿದವು. ರೋಗಿಗೆ ತೊಂದರೆಯಾಗದ ಬರವಣಿಗೆಯ ತಪ್ಪುಗಳೂ ಈ ಲೆಕ್ಕದಲ್ಲಿ ಸೇರಿವೆ. ಹಾಗಿದ್ದರೂ ಇಳಿಕೆ ಸಣ್ಣದಲ್ಲ.

ಔಷಧದ ಕಥೆ ಬೇರೆ

ಔಷಧಗಳ ವಿಷಯದಲ್ಲಿ ಇಷ್ಟು ಯಶಸ್ಸು ಸಿಗಲಿಲ್ಲ. ನಕಲಿ ಔಷಧ ತಡೆಯಲು ಆರ್‌ಎಫ್‌ಐಡಿಯೇ ದಾರಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಎಫ್‌ಡಿಎ, 2004ರಲ್ಲಿ ವರದಿ ನೀಡಿತ್ತು. 2007ರ ಹೊತ್ತಿಗೆ ಬಳಕೆ ವ್ಯಾಪಕವಾಗುತ್ತದೆ ಎಂಬ ನಿರೀಕ್ಷೆಯೂ ಇತ್ತು. ಫೈಜರ್ ಕಂಪನಿ ವಯಾಗ್ರ ಬಾಟಲಿಗಳಿಗೆ ಟ್ಯಾಗ್ ಹಾಕಿತು. ಆದರೆ 2013ರಲ್ಲಿ ಔಷಧ ಸರಬರಾಜಿನ ಕಾನೂನು ಬಂದಾಗ ಪೊಟ್ಟಣಗಳ ಮೇಲೆ ಕಡ್ಡಾಯವಾದದ್ದು ಮುದ್ರಿತ ಚೌಕಾಕಾರದ ಕೋಡ್, ಟ್ಯಾಗ್ ಅಲ್ಲ. ಭಾರತವೂ ಇದೇ ದಾರಿ ಹಿಡಿದಿದೆ. 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಔಷಧಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ.

ಕಾರಣ ಊಹಿಸುವುದು ಕಷ್ಟವೇನಲ್ಲ. ಅಗ್ಗದ ಟ್ಯಾಗ್‌ಗೂ ಕೆಲವು ರೂಪಾಯಿ ಬೇಕು, ಕೋಡ್ ಮುದ್ರಿಸಲು ಹೆಚ್ಚುವರಿ ಖರ್ಚು ನಗಣ್ಯ. ಹತ್ತಿಪ್ಪತ್ತು ರೂಪಾಯಿಯ ಮಾತ್ರೆ ಸ್ಟ್ರಿಪ್‌ಗೆ ಟ್ಯಾಗ್ ಹಚ್ಚುವುದು ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ ಕ್ಯೂಆರ್ ಕೋಡ್ ಓದಲು ಗ್ರಾಹಕರ ಕೈಯಲ್ಲಿರುವ ಫೋನ್ ಸಾಕು. ದುಬಾರಿ ಚುಚ್ಚುಮದ್ದು, ಆಪರೇಷನ್ ಥಿಯೇಟರ್‌ನ ತುರ್ತು ಔಷಧಗಳ ಟ್ರೇ, ರಕ್ತದ ಚೀಲ ಇವುಗಳಿಗೆ ಮಾತ್ರ ಟ್ಯಾಗ್‌ನ ಖರ್ಚು ಹೊರೆ ಎನಿಸದು. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಪ್ಲೇಟ್‌ಲೆಟ್‌ಗಳಿಗೆ 20ರಿಂದ 24 ಡಿಗ್ರಿ ಬೇಕು, ಸಾಮಾನ್ಯವಾಗಿ ಅವುಗಳ ಆಯುಷ್ಯ ಐದೇ ದಿನ. ಸೆನ್ಸರ್ ಇರುವ ಟ್ಯಾಗ್‌ಗಳು ದಾರಿಯುದ್ದಕ್ಕೂ ಉಷ್ಣಾಂಶವನ್ನೂ ದಾಖಲಿಸಬಲ್ಲವು. ಮುದ್ರಿತ ಬಾರ್‌ಕೋಡ್‌ಗೆ ಅದು ಸಾಧ್ಯವಿಲ್ಲ.

ಎಚ್ಚರ ಎಲ್ಲಿ ಬೇಕು?

ಭಾರತದಲ್ಲಿ ಫಾಸ್ಟ್ಯಾಗ್ ಬಳಸುವ 865 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ಲೋಹ ಹಿಂದಕ್ಕೆ ತಳ್ಳುತ್ತದೆ. ರಕ್ತವೂ ಬಹುಪಾಲು ನೀರೇ. ಹೀಗಾಗಿ ರಕ್ತದ ಚೀಲಗಳಿಗೆ ಮೆಟ್ರೋ ಕಾರ್ಡ್‌ನಂತೆ 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಟ್ಯಾಗ್ ಹೆಚ್ಚು ಸೂಕ್ತ. ಅದನ್ನು ಹತ್ತಿರದಿಂದಲೇ ಓದಬೇಕು.

ಇನ್ನೊಂದು ಪ್ರಶ್ನೆ ಸುರಕ್ಷತೆಯದು. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 41 ವೈದ್ಯಕೀಯ ಉಪಕರಣಗಳ ಬಳಿ ಆರ್‌ಎಫ್‌ಐಡಿ ಇಟ್ಟು 123 ಪರೀಕ್ಷೆ ನಡೆಸಿದ್ದರು. 34 ಬಾರಿ ಉಪಕರಣಗಳ ಕೆಲಸಕ್ಕೆ ಅಡ್ಡಿಯಾಯಿತು, ಅದರಲ್ಲಿ 22 ಅಪಾಯಕಾರಿ ಎಂದು 2008ರಲ್ಲಿ ಜಾಮಾ ಪತ್ರಿಕೆಯಲ್ಲಿ ವರದಿಯಾಗಿತ್ತು. ಐಸಿಯುನಲ್ಲಿ ರೀಡರ್ ಅಳವಡಿಸುವ ಮುನ್ನ ಅಲ್ಲಿನ ಉಪಕರಣಗಳ ಜೊತೆಗೇ ಪರೀಕ್ಷಿಸಬೇಕಾದದ್ದು ಇದಕ್ಕೇ.

ಎಲ್ಲಕ್ಕಿಂತ ಮುಖ್ಯವಾಗಿ, ಟ್ಯಾಗ್‌ಗೆ ಗೊತ್ತಿರುವುದು ಬಾಟಲಿ ಮಾತ್ರ. ಒಳಗಿರುವುದು ಯಾರದ್ದು ಎಂಬುದು ಅದಕ್ಕೆ ತಿಳಿಯದು. ಮೊದಲ ಹೆಜ್ಜೆಯಲ್ಲೇ ಒಬ್ಬರ ಮಾದರಿ ಇನ್ನೊಬ್ಬರ ಬಾಟಲಿಗೆ ಬಿದ್ದರೆ ಆರ್‌ಎಫ್‌ಐಡಿ ಆ ತಪ್ಪನ್ನೇ ಕೊನೆಯವರೆಗೆ ಶ್ರದ್ಧೆಯಿಂದ ಹೊತ್ತೊಯ್ಯುತ್ತದೆ. ಹಾಗಾಗಿ ರಕ್ತ ತೆಗೆಯುವ ಮುನ್ನ ರೋಗಿಯ ಬಾಯಿಂದಲೇ ಹೆಸರು, ಹುಟ್ಟಿದ ದಿನಾಂಕ ಕೇಳುವ ಪದ್ಧತಿ ಟ್ಯಾಗ್ ಇರುವ ಕಡೆಯೂ ಬೇಕೇ ಬೇಕು.