ಮಕ್ಕಳ ದವಡೆರೋಗಗಳ ಬಿಂಬಪರೀಕ್ಷೆ

ಮಕ್ಕಳ ದವಡೆಯ ಮೂಳೆಯಲ್ಲಿ ಬರುವ ಸಿಸ್ಟ್, ಗಡ್ಡೆ, ಸೋಂಕು ಮೊದಲಾದವನ್ನು ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಚಿತ್ರಗಳಿಂದ ಗುರುತಿಸುವ ವಿಧಾನ. ಹಾಲುಹಲ್ಲುಗಳ ಕೆಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುತ್ತಿರುತ್ತವೆ. ಎಕ್ಸ್-ರೇಯಲ್ಲಿ ಅವುಗಳ ಸುತ್ತಲಿನ ಸಹಜ ಚೀಲವೂ ಸಿಸ್ಟ್‌ನಂತೆ ಕಪ್ಪಾಗಿಯೇ ಕಾಣುತ್ತದೆ. ಹೀಗಾಗಿ ಬೆಳವಣಿಗೆ ಯಾವುದು, ರೋಗ ಯಾವುದು ಎಂದು ಬೇರ್ಪಡಿಸುವುದೇ ಇಲ್ಲಿನ ಮುಖ್ಯ ಸಮಸ್ಯೆ.

1895ರ ನವೆಂಬರ್‌ನಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ. 1896ರ ಜನವರಿಯಲ್ಲಿ ಜರ್ಮನಿಯದೇ ದಂತವೈದ್ಯ ಆಟೊ ವಾಲ್ಕಾಫ್ ತನ್ನ ಹಲ್ಲುಗಳ ಚಿತ್ರ ತೆಗೆದ. ಅದಕ್ಕೆ 25 ನಿಮಿಷ ಹಿಡಿಯಿತು. ಅಷ್ಟು ಹೊತ್ತು ಅಲುಗದೆ ಕೂರುವುದು ಮಕ್ಕಳಿಂದ ಆಗದ ಮಾತು.

ಉಪಕರಣಗಳು ಸುಧಾರಿಸಿದಂತೆ ಬಾಲ್ಯದ್ದೇ ಆದ ರೋಗಗಳು ಬೆಳಕಿಗೆ ಬಂದವು. 1933ರಲ್ಲಿ ಡಬ್ಲ್ಯೂ. ಎ. ಜೋನ್ಸ್ ಒಂದೇ ಕುಟುಂಬದ ಮೂವರು ಮಕ್ಕಳಲ್ಲಿ, ಮುಂದೆ ಚೆರುಬಿಸಂ ಎಂದು ಹೆಸರಾದ ರೋಗವನ್ನು ವರ್ಣಿಸಿದ. ಇದರಲ್ಲಿ ದವಡೆಯ ಎರಡೂ ಬದಿಗೆ ಗೂಡುಗೂಡಾದ ಕಪ್ಪು ಭಾಗಗಳು ಕಾಣುತ್ತವೆ. ಹರೆಯದ ನಂತರ ಊತ ಸಾಮಾನ್ಯವಾಗಿ ತಾನೇ ಇಳಿಯತೊಡಗುತ್ತದೆ. 1945ರಲ್ಲಿ ಜಾನ್ ಕ್ಯಾಫಿ ಮತ್ತು ವಿಲಿಯಂ ಸಿಲ್ವರ್‌ಮನ್ ಹಸುಗೂಸುಗಳ ದವಡೆಯ ಮೇಲೆ ಹೊಸ ಮೂಳೆಯ ಪದರ ಬೆಳೆಯುವ ಕಾಯಿಲೆಯನ್ನು ವಿವರಿಸಿದರು. ಅದೂ ಬಹುತೇಕ ತಾನಾಗಿಯೇ ಶಮನವಾಗುವಂಥದು.

ತಾನಾಗಿ ಶಮನವಾಗುವ ಈ ರೋಗಗಳಿಗೆ ತದ್ವಿರುದ್ಧವಾದುದು ಬರ್ಕಿಟ್ ಲಿಂಫೋಮ. 1957ರಲ್ಲಿ ಉಗಾಂಡದ ಮುಲಾಗೊ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್, ಮೇಲಿನ ಮತ್ತು ಕೆಳಗಿನ ದವಡೆಗಳ ಎರಡೂ ಬದಿ ಊದಿಕೊಂಡಿದ್ದ ಬಾಲಕನನ್ನು ಕಂಡ. ಮರುವರ್ಷ ಈ ಗಡ್ಡೆಯ ಬಗ್ಗೆ ಲೇಖನ ಪ್ರಕಟಿಸಿದ. ಎಕ್ಸ್-ರೇಯಲ್ಲಿ ಹಲ್ಲಿನ ಬೇರನ್ನು ಸುತ್ತುವ ತೆಳ್ಳನೆಯ ಬಿಳಿ ಗೆರೆ ಅಳಿಸಿಹೋಗುವುದು ಇದರ ಆರಂಭದ ಸುಳಿವುಗಳಲ್ಲೊಂದು. ಮುಂದೆ ಮೂಳೆ ಕರಗಿ ಹಲ್ಲುಗಳು ಆಧಾರವಿಲ್ಲದೆ ತೇಲುತ್ತಿರುವಂತೆ ತೋರುತ್ತವೆ. ಬಲು ಬೇಗ ಬೆಳೆಯುವ ಈ ಕ್ಯಾನ್ಸರ್‌ಗೆ ಕಿಮೋಥೆರಪಿ ತಡವಾಗಬಾರದು.

ಫಿನ್ಲೆಂಡಿನ ಯೂರ್ಯೊ ಪಾಟೆರೊ 1940ರ ದಶಕದ ಕೊನೆಯಿಂದ ಬೆಳೆಸಿದ ಪನೋರಮಿಕ್ ವಿಧಾನದಿಂದ ಇಡೀ ದವಡೆ ಒಂದೇ ಚಿತ್ರದಲ್ಲಿ ಸಿಗುವಂತಾಯಿತು. ಹುಟ್ಟದ ಹಲ್ಲಿನ ತಲೆಭಾಗವನ್ನು ಆವರಿಸುವ ಡೆಂಟಿಜೆರಸ್ ಸಿಸ್ಟ್ ಅನೇಕ ವೇಳೆ ಇಂಥ ಚಿತ್ರದಲ್ಲಿ ಆಕಸ್ಮಿಕವಾಗಿ ಪತ್ತೆಯಾಗುತ್ತದೆ. ಹಲ್ಲಿನ ಸುತ್ತಲಿನ ಕಪ್ಪು ಅಂಚು ಸುಮಾರು 5 ಮಿ.ಮೀ. ಮೀರಿದರೆ ಅನುಮಾನಪಡಬೇಕು.

1971ರಲ್ಲಿ ಮೊದಲು ರೋಗಿಯ ಮೇಲೆ ಬಳಕೆಯಾದ ಸಿ.ಟಿ., 1990ರ ದಶಕದ ಕೊನೆಗೆ ಬಂದ ಕೋನ್ ಬೀಮ್ ಸಿ.ಟಿ. ಮೂಳೆಯ ಮೂರು ಆಯಾಮಗಳನ್ನು ತೋರಿಸಿದವು. ಎಂ.ಆರ್.ಐ. ವಿಕಿರಣವಿಲ್ಲದೆ ಮೃದು ಅಂಗಾಂಶವನ್ನು ತೋರಿಸುತ್ತದೆ. ಮಕ್ಕಳ ದೇಹ ವಿಕಿರಣಕ್ಕೆ ಹೆಚ್ಚು ಸೂಕ್ಷ್ಮವಾದ್ದರಿಂದ, ಅಗತ್ಯವಿದ್ದಾಗ ಮಾತ್ರ, ಸಾಧ್ಯವಾದಷ್ಟು ಕಡಿಮೆ ಪ್ರಮಾಣದಲ್ಲಿ ಚಿತ್ರ ತೆಗೆಯಬೇಕೆಂಬುದು ಇಂದಿನ ನಿಯಮ. ಚಿತ್ರ, ಮಗುವಿನ ವಯಸ್ಸು, ಊತದ ವೇಗ ಇವೆಲ್ಲ ಕೂಡಿಯೂ ಸಂಶಯ ಉಳಿದರೆ ಬಯಾಪ್ಸಿಯೇ ನಿರ್ಣಾಯಕ.