ಮಲಬದ್ಧತೆ (ಉಪಶಮನ ಆರೈಕೆಯಲ್ಲಿ)

ಗುರುತರ ವ್ಯಾಧಿಗೊಳಗಾದವರ ಯಾತನೆಯನ್ನು ತಗ್ಗಿಸುವ ಉಪಶಮನ ಆರೈಕೆಯಲ್ಲಿ, ನೋವು ಶಮನವಾದ ತರುವಾಯವೂ ರೋಗಿಯನ್ನು ಬಿಡದೆ ಕಾಡುವ ಉಪದ್ರವಗಳಲ್ಲಿ ಮಲಬದ್ಧತೆ ಪ್ರಮುಖವಾದುದು. ಹಾಸಿಗೆ ಹಿಡಿದ ದೇಹದ ನಿಶ್ಚಲತೆ, ಅನ್ನನೀರುಗಳ ಅಲ್ಪತೆ, ರಕ್ತದಲ್ಲಿ ಕ್ಯಾಲ್ಸಿಯಂ ಅಂಶದ ಏರಿಕೆ, ಬೆನ್ನುಹುರಿಯ ಮೇಲಣ ಒತ್ತಡ ಇವೆಲ್ಲವೂ ಕಾರಣವಾಗಬಹುದಾದರೂ, ನೋವಿಗೆಂದು ಕೊಡುವ ಮಾರ್ಫಿನ್ನಿನ ಪಾತ್ರ ವಿಶೇಷವಾದುದು.

ಮಾರ್ಫಿನ್ನಿಗೆ ಮೂಲವಾದ ಅಹಿಫೇನವು (ಅಫೀಮು) ಮಲವನ್ನು ಕಟ್ಟುವುದೆಂಬುದನ್ನು ಬಲ್ಲ ಆಯುರ್ವೇದ ವೈದ್ಯರು ಅತಿಸಾರಕ್ಕೆ ಅದನ್ನೇ ಔಷಧವಾಗಿ ಬಳಸಿದರು. 1917ರಲ್ಲಿ ಜರ್ಮನಿಯ ಔಷಧವಿಜ್ಞಾನಿ ಪಾಲ್ ಟ್ರೆಂಡೆಲೆನ್‌ಬುರ್ಗ್, ಗಿನಿಯಿಲಿಯ ಕರುಳಿನ ತುಂಡನ್ನು ದೇಹದಿಂದ ಬೇರ್ಪಡಿಸಿ, ಅದರ ಅಲೆಯಂತಹ ಚಲನೆಯನ್ನು ಮಾರ್ಫಿನ್ ಅಡಗಿಸುವುದನ್ನು ಕಂಡನು. ಅಂತಹುದೇ ಕರುಳಿನ ತುಂಡನ್ನು ಪರೀಕ್ಷಾಸಾಧನಗಳಲ್ಲೊಂದಾಗಿ ಇರಿಸಿಕೊಂಡು, ಸ್ಕಾಟ್ಲೆಂಡಿನ ಅಬರ್ಡೀನಿನ ವಿಜ್ಞಾನಿಗಳಾದ ಹ್ಯೂಸ್ ಮತ್ತು ಕಾಸ್ಟರ್ಲಿಟ್ಸ್ ಅವರು ಮೆದುಳು ತಾನೇ ಸೃಜಿಸುವ ಮಾರ್ಫಿನ್‌ಸದೃಶ ದ್ರವ್ಯವನ್ನು 1975ರಲ್ಲಿ ಗುರುತಿಸಿದರು. ಮಾರ್ಫಿನ್ನಿನಿಂದ ಕರುಳಿನ ಚಲನೆ ಮಂದವಾಗಿ, ಮಲದ ನೀರು ಹೀರಲ್ಪಟ್ಟು, ಗುದದ್ವಾರದ ಸ್ನಾಯು ಬಿಗಿಯುತ್ತದೆ. ಆರಂಭದ ವಾಕರಿಕೆ, ತೂಕಡಿಕೆಗಳು ಕೆಲವು ದಿನಗಳಲ್ಲಿ ಸಾಮಾನ್ಯವಾಗಿ ಇಳಿಯುವುವು. ಮಲಬದ್ಧತೆ ಮಾತ್ರ ಮದ್ದು ನಡೆಯುವ ಪರ್ಯಂತ ಪ್ರಾಯಶಃ ಉಳಿಯುವುದು.

ಆದಕಾರಣ ಹೊಟ್ಟೆ ಕಟ್ಟುವವರೆಗೆ ಕಾಯದೆ, ಮಾರ್ಫಿನ್ನಿನ ಮೊದಲ ಮಾತ್ರೆಯೊಡನೆಯೇ ವಿರೇಚಕವನ್ನೂ ಆರಂಭಿಸತಕ್ಕದ್ದು. ಕರುಳನ್ನು ಪ್ರಚೋದಿಸುವ ಬಿಸಾಕೊಡಿಲ್ ಇಲ್ಲವೆ ಸೋನಾಮುಖಿಯ ಮಾತ್ರೆ ರಾತ್ರಿ ಕೊಟ್ಟರೆ ಸಾಮಾನ್ಯವಾಗಿ 6ರಿಂದ 12 ಗಂಟೆಗಳಲ್ಲಿ ಫಲ ಕಾಣುವುದು. ಮಲವನ್ನು ಮೆದುವಾಗಿಸುವ ಲ್ಯಾಕ್ಟುಲೋಸಿಗೆ ಒಂದೆರಡು ದಿನ ಬೇಕು. ನೀರನ್ನು ಕಷ್ಟದಿಂದ ಗುಟುಕರಿಸುವವರಿಗೆ ಇಸಬಗೋಲು ಹಿತವಲ್ಲ. ಅದು ಕರುಳಿನಲ್ಲಿಯೇ ಗಟ್ಟಿಯಾಗಬಹುದು. ಗಟ್ಟಿಮಲದ ಪಕ್ಕದಿಂದ ಸೋರುವ ದ್ರವವನ್ನು ಭೇದಿಯೆಂದು ಭ್ರಮಿಸಿ ವಿರೇಚಕವನ್ನು ನಿಲ್ಲಿಸುವುದುಂಟು. ಗುದಪರೀಕ್ಷೆ ಈ ತಪ್ಪನ್ನು ಬಹುಮಟ್ಟಿಗೆ ತಪ್ಪಿಸುವುದು. ವಾಂತಿ, ಹೊಟ್ಟೆಯುಬ್ಬರ, ಹಿಂಡುವ ನೋವುಗಳೊಡನೆ ವಾಯುವೂ ಹೊರಹೋಗದಿದ್ದರೆ ಕರುಳಿನ ತಡೆಯನ್ನು ಶಂಕಿಸಿ, ವಿರೇಚಕವನ್ನು ಕೊಡದೆ ವೈದ್ಯರನ್ನು ಕರೆಯಬೇಕು.

ಬೆಂಗಳೂರಿನ ಕರುಣಾಶ್ರಯದಂತಹ ಉಪಶಮನ ಆರೈಕೆಯ ಸಂಸ್ಥೆಗಳ ದಾದಿಯರ ನೆರವು ಕೊಡಗಿನ ಭಾಗಮಂಡಲದಂತಹ ಊರಿಗೆ ದೂರದ್ದು. ಕಾವೇರಿ, ಕನ್ನಿಕೆ ನದಿಗಳು ಉಕ್ಕುವ ಮಳೆಗಾಲದಲ್ಲಿ, ತೋಟಗಳ ನಡುವೆ ಚದುರಿದ ಮನೆಗಳಿಂದ ಮಡಿಕೇರಿಗೆ ಹೋಗುವುದೇ ಪ್ರಯಾಸಕರ. ಶೌಚಗೃಹ ಅಂಗಳದಾಚೆಯಿದ್ದರೆ, ಮನೆಯವರನ್ನು ರಾತ್ರಿ ಎಬ್ಬಿಸಲು ಸಂಕೋಚಪಡುವ ವೃದ್ಧರು ನೀರನ್ನೂ ಊಟವನ್ನೂ ಕಡಿಮೆಮಾಡಿಕೊಳ್ಳುವುದುಂಟು. ಕೆಲವರು ಮಲಬದ್ಧತೆಗೆ ಅಂಜಿ ಮಾರ್ಫಿನ್ನನ್ನೇ ತ್ಯಜಿಸಿ ನೋವನ್ನು ಸಹಿಸುವರು. ಮಂಚದ ಬಳಿ ಕಮೋಡ್ ಕುರ್ಚಿ, ಕಾಲಿಗೊಂದು ಮಣೆ, ಬೆಳಗಿನ ಬಿಸಿ ಕಾಫಿಯ ತರುವಾಯ ಏಕಾಂತದಲ್ಲಿ ಕುಳಿತಿರಲು ಕಾಲಾವಕಾಶ, ಇವು ಔಷಧದಷ್ಟೇ ಮುಖ್ಯ. ಮಾರ್ಫಿನ್ ಬರೆದ ಚೀಟಿಯಲ್ಲಿ ವಿರೇಚಕದ ಹೆಸರಿಲ್ಲದಿದ್ದರೆ, ಮನೆಯವರು ಆಸ್ಪತ್ರೆಯನ್ನು ಬಿಡುವ ಮೊದಲೇ ವೈದ್ಯರನ್ನು ಕೇಳಿ ಬರೆಯಿಸಿಕೊಳ್ಳಬೇಕು.