‘ಸೋ-ಕಾಲ್ಡ್’ ಕಲ್ಯಾಣಸ್ವಾಮಿ

ನನ್ನ ಮಹಾಪ್ರಬಂಧದ ಇಂಗ್ಲಿಷ್ ಕರಡಿನಲ್ಲಿ ‘ಸೋ-ಕಾಲ್ಡ್ ಕಲ್ಯಾಣಸ್ವಾಮಿ’ ಎಂದು ಬರೆದಿದ್ದೆ. ಓದಿದ ಹಿರಿಯರೊಬ್ಬರು ಆ ಪದದ ಕೆಳಗೆ ಗೆರೆ ಎಳೆದು ಕೇಳಿದರು: “ಹೆಸರು ಹೇಳ್ತಿದ್ದೀಯೋ, ಬೈತಿದ್ದೀಯೋ?”

ಈ ಜೋಡು ವಿಶೇಷಣಕ್ಕೆ ಎರಡು ಮುಖ. ಒಂದು, ‘ಹಾಗೆಂದು ಹೆಸರಾದ’. ಪಾಠಪುಸ್ತಕ ಹೊಸ ಪಾರಿಭಾಷಿಕ ಪದವನ್ನು ಪರಿಚಯಿಸುವಾಗಿನ ಅರ್ಥ. ಇನ್ನೊಂದು, ‘ಹಾಗೆಂದು ಹೇಳಿಕೊಳ್ಳುವ, ಆದರೆ ನಾನು ಒಪ್ಪದ’. ಇಂದು ಎರಡನೆಯದೇ ಜೋರು. ನಾಮಪದದ ಮೊದಲು ಬಂದರೆ ನಡುವೆ ಅಡ್ಡಗೆರೆ. ಕ್ರಿಯಾಪದದ ನಂತರ ಬಿಡಿಬಿಡಿಯಾಗಿ ಬಂದರೆ ಗೆರೆಯೂ ಇಲ್ಲ, ಸಾಮಾನ್ಯವಾಗಿ ವ್ಯಂಗ್ಯವೂ ಇಲ್ಲ.

ನನ್ನ ತೊಡಕು ವ್ಯಾಕರಣದ್ದಲ್ಲ. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಸೀಮೆ ಕೆನರಾ ಜಿಲ್ಲೆಗೆ ಸೇರಿತು. ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕಾಯಿತು. ಹಾಲೇರಿ ವಂಶದವನೆಂದು ಹೇಳಿಕೊಂಡು ಜನರನ್ನು ಕೂಡಿಸಿದ್ದ ಕಲ್ಯಾಣಸ್ವಾಮಿ ಸೆರೆಯಾದ ಮೇಲೆ, 1837ರಲ್ಲಿ ಪುಟ್ಟಬಸಪ್ಪ ಅದೇ ಹೆಸರು ಹೊತ್ತು ನಿಂತ. ಸೋ-ಕಾಲ್ಡ್‌ನೊಳಗೆ ಇನ್ನೊಂದು ಸೋ-ಕಾಲ್ಡ್! ಕೆದಂಬಾಡಿ ರಾಮಯ್ಯ ಗೌಡರಂಥವರು ಜೊತೆಗಿದ್ದರು. ಸುಳ್ಯದ ಪೂಮಲೆಯಿಂದ ಹೊರಟ ರೈತರ ದಂಡು ಬೆಳ್ಳಾರೆಯ ಖಜಾನೆ ಹಿಡಿದು, ಎಪ್ರಿಲ್ 5ರಂದು ಮಂಗಳೂರಿನಲ್ಲಿ ಬಾವುಟ ಏರಿಸಿತು. ಎರಡು ವಾರದೊಳಗೆ ಕಂಪನಿ ಸೇನೆ ಊರನ್ನು ಮರಳಿ ಪಡೆಯಿತು. ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಕಂಪನಿಯ ಕಣ್ಣಿಗೆ ಅವನು ಸೋಗಿನವ. ನಾನು ‘ತಥಾಕಥಿತ’ ಎಂದು ಬರೆದರೆ ಆ ತೀರ್ಪಿಗೆ ಸಹಿ ಹಾಕಿದಂತೆ. ನಮ್ಮ ಕರಾವಳಿಯ ಪತ್ರಿಕೆಗಳ ‘ಎಂಬವರು’ ಯಾರನ್ನೂ ಬೈಯುವುದಿಲ್ಲ, ಆದರೆ ವೇಷ ಬದಲಾದ ಸಂಗತಿಯನ್ನೇ ನುಂಗಿಬಿಡುತ್ತದೆ. ‘ಎನ್ನಲಾದ’ ಪೊಲೀಸ್ ಠಾಣೆಯ ಕನ್ನಡ.

ಇಂದಿನ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿರುವ ಈ ಸೀಮೆಯಲ್ಲಿ ದಂಗೆ ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಉಳಿಯಿತು. ಕಾಟಕಾಯಿ ಎಂದರೆ ಲೂಟಿ, ಉಪಟಳ. ಈ ಮಾತಿನಲ್ಲಿ ಗುಮಾನಿಯೆಲ್ಲ ಕೃತ್ಯದ ಮೇಲೆ. ಹೆಸರಿನ ಬಗ್ಗೆ ತಕರಾರೇ ಇಲ್ಲ. ಪುಟ್ಟಬಸಪ್ಪ ಮಾಡಿದ್ದೂ ಕಲ್ಯಾಣಪ್ಪನ ಲೆಕ್ಕಕ್ಕೇ ಸೇರಿತು. ಇತಿಹಾಸಕಾರರು ಈಚೆಗೆ ‘ಅಮರ ಸುಳ್ಯದ ರೈತ ದಂಗೆ’ ಎನ್ನುತ್ತಾರೆ. ಆಗ ಕಾಟಕಾಯಿ ಹೋಯಿತು, ಜೊತೆಗೆ ಕಲ್ಯಾಣಪ್ಪನೂ ಹೋದ. ಇದು ನನಗೆ ಪೂರ್ತಿ ಲಾಭವೆಂದು ಅನ್ನಿಸಿಲ್ಲ.

ಕೊನೆಗೆ ಕನ್ನಡದ ಕರಡಿನಲ್ಲಿ ‘ಕಲ್ಯಾಣಸ್ವಾಮಿ ಎನ್ನಿಸಿಕೊಂಡ ಪುಟ್ಟಬಸಪ್ಪ’ ಎಂದು ಬರೆದೆ. ಅವನು ಹಾಗೆ ಅನ್ನಿಸಿಕೊಂಡ, ಅನ್ನುವುದಕ್ಕೆ ಜನರೂ ಇದ್ದರು. ಇಂಗ್ಲಿಷ್ ಕರಡಿನಲ್ಲಿ ಆ ಅಡ್ಡಗೆರೆ ಇನ್ನೂ ಹಾಗೇ ಇದೆ, ಹಿರಿಯರು ಎಳೆದ ಗೆರೆಯ ಮೇಲೆ.